ನಮ್ಮ ಪಡಸಾಲೆಯ ಕಡಲ ಹೂವಿಗೆ ದೃಷ್ಟಿ ತಾಗಿದ್ದು

ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಏಳೂ ನಲವತ್ತಕ್ಕೆ ಸುರಪುರದ ನಮ್ಮ ಮನೆಗೆ ಸಮುದ್ರವು ಆಟೋದಲ್ಲಿ ಆಗಮಿಸಿತು.

ತಂದವಳು ಶಹಾಪುರದ ಗೆಳತಿ ರಿಜ್ವಾನಾ. ಗಾಜಿನ ತೊಟ್ಟಿಯಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಅವಳ ಪ್ರಾಣವಾದ ಅನೆಮೊನಿ. ನೋಡಲು ಹೂವು, ಹುಟ್ಟಿನಿಂದ ಪ್ರಾಣಿ. ಎಸಳಿನಂಥ ನಸುಗೆಂಪು ಕೈಗಳು, ಪ್ರತಿ ತುದಿಗೂ ದ್ರಾಕ್ಷಿಯಂಥ ಗುಳ್ಳೆ. ಅವಳು ಅಣ್ಣನ ಮದುವೆಗೆ ಹೈದರಾಬಾದಿಗೆ ಹೊರಟಿದ್ದಳು.

"ನೀ ಎಲ್ಲಾ ಬರದಿಡಾಕಿ, ಅದಕ್ಕ ನಿನ್ನ ಕೈಯಾಗ ಕೊಡಾಕತ್ತೇನಿ. ನೀರು ಆರಿ ಕಡಿಮಿ ಆದ್ರ ಈ ಗೆರಿ ತನಕ ಫಿಲ್ಟರ್ ನೀರು ಹಾಕು. ಮತ್ತೇನೂ ಮಾಡಬ್ಯಾಡ. ಇದು ಸತ್ತರ ನನಗ ಮಾರಿ ತೋರಿಸಬ್ಯಾಡ."

ಮತ್ತೇನೂ ಮಾಡದಿರುವುದು ನನ್ನ ಸ್ವಭಾವದಲ್ಲಿಲ್ಲ.

ಮೊದಲ ದಿನಗಳು ಕನಸಿನಲ್ಲಿ ಕಳೆದಂತೆ ಕಳೆದವು. ಹೊರಗೆ ಗುಡ್ಡದ ಬಂಡೆಗಳು ಬಿಸಿಲಿಗೆ ಕಾಯುತ್ತಿದ್ದರೆ ಒಳಗೆ ತೊಟ್ಟಿಯ ದೀಪದ ನೀಲಿ ಬೆಳಕು. ಎಲ್ಲಿಯದೋ ಗಾಳಿಗೆಂಬಂತೆ ಆ ಕೈಗಳು ತೂಗುತ್ತಿದ್ದವು. ಸಮುದ್ರ ಕಾಣದ ನನಗೆ ಅಲೆಯ ಸದ್ದೂ ಕೇಳಿಸತೊಡಗಿತ್ತು. ಡೈರಿಯ 'ಚಟುವಟಿಕೆ' ಕಾಲಮಿನಲ್ಲಿ ದಿನವೂ ಒಂದೇ ಮಾತು: ತೂಗಿತು. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅವ್ವನೂ ಕೈ ಮರೆತು ಕೂರುತ್ತಿದ್ದಳು.

"ನೋಡಿದ್ರ ನಿದ್ದಿ ಬರ್ತದವ್ವ. ಆದ್ರ ಕಣ್ಣು ಮುಚ್ಚಾಕ ಮನಸಾಗವಲ್ದು."

ನೀರು ಗೆರೆಯಿಂದ ಇಳಿಯಿತು. ನಾನು ಯೋಚಿಸಿದೆ: ಸಮುದ್ರ ಎಂದರೆ ಉಪ್ಪು. ಮದುವೆಯ ಗಡಿಬಿಡಿಯಲ್ಲಿ ಪಾಪ, ಉಪ್ಪಿನ ಮಾತನ್ನೇ ಮರೆತಿದ್ದಾಳೆ. ಅವಳು ಇಟ್ಟುಹೋಗಿದ್ದ ಕಡಲುಪ್ಪಿನ ಪಾಕೀಟು ಒಡೆದು ಪ್ರತಿ ತಂಬಿಗೆ ನೀರಿಗೆ ಎರಡು ಚಮಚದಂತೆ ಕಲಸಿ ಹಾಕಿದೆ. ನೀರು ಆರಿದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ ಎಂಬುದು ಶಾಲಾ ಮಕ್ಕಳ ವಿಜ್ಞಾನ. ನಾನು ಬಿ.ಎಸ್ಸಿ. ಪದವೀಧರೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ರಂಗಂಪೇಟೆಯಿಂದ ಶರಣಮ್ಮ ಅತ್ತಿ ಬಂದು, ಸಂಜೆಯವರೆಗೂ ನೋಡಿ, "ಏನ್ ಚಂದ ಅದವ್ವ ಇದು" ಎಂದು ಹೋದರು. ಮರುದಿನ ಅನೆಮೊನಿ ಹುಣಸೆ ಉಂಡೆಯಂತೆ ಮುದುಡಿ ಕೂತಿತ್ತು.

"ದಿಷ್ಟಿ ಆಗ್ಯಾದ," ಎಂದಳು ಅವ್ವ.

"ಅವ್ವಾ, ಅದು ಸಮುದ್ರದ ಪ್ರಾಣಿ."

"ಸಮುದ್ರದ ತಳದಾಗ ಶರಣಮ್ಮ ಇರ್ತಾಳೇನು?"

ನಾನು ಸ್ನಾನಕ್ಕೆ ಹೋದಾಗ ಅವ್ವ ಒಂದು ಹಿಡಿ ಉಪ್ಪು ತಂದು ತೊಟ್ಟಿಗೆ ನಿವಾಳಿಸಿದಳು. ದೃಷ್ಟಿ ತೆಗೆದ ಉಪ್ಪು ನೀರಿನಲ್ಲಿ ಕರಗಬೇಕೆಂಬುದು ನಮ್ಮ ಮನೆಯ ಪದ್ಧತಿ. ಕಣ್ಣೆದುರಿಗೇ ನೀರಿತ್ತು.

"ಉಪ್ಪುನೀರಿನ ಜೀವಕ್ಕ ಉಪ್ಪು ಏನ್ ಮಾಡ್ತದ?" ಎಂದು ಅವ್ವ ಕೇಳಿದಾಗ ಬೈಯಲಾಗಲಿಲ್ಲ. ಅದು ಅಕ್ಷರಶಃ ನನ್ನದೇ ಸಿದ್ಧಾಂತ.

ರಿಜ್ವಾನಾಗೆ ಫೋನ್ ಮಾಡಿದೆ. ಬ್ಯಾಂಡಿನ ಸದ್ದಿನ ನಡುವೆ ಹಾಕಿದ ಚಮಚಗಳನ್ನೆಲ್ಲ ಡೈರಿ ನೋಡಿ ಓದಿದೆ, ಕೊನೆಗೆ ಅವ್ವನ ಹಿಡಿಯನ್ನೂ.

"ಯಾ ಅಲ್ಲಾ," ಎಂದಳು. "ಇಷ್ಟು ನೀಟಾಗಿ ಲೆಕ್ಕ ಇಟ್ಟು ಯಾರೂ ಕೊಂದಿರಲಿಕ್ಕಿಲ್ಲ ನೋಡು. ಸ್ವಲ್ಪ ಸ್ವಲ್ಪ ನೀರು ತಗಿ, ಅಷ್ಟೇ ಸಪ್ಪನ್ನ ನೀರು ಹಾಕು. ಒಮ್ಮಿಗೇ ಹಾಕಬ್ಯಾಡ."

ನಾನು ತೆಗೆಯುವುದು, ಅವ್ವ ಸುರಿಯುವುದು. ಹೀಗೆ ನಾವಿಬ್ಬರೂ ಒಂದು ಸಮುದ್ರವನ್ನು ತಂಬಿಗೆಯಿಂದ ಸಪ್ಪೆ ಮಾಡುತ್ತಾ ಕೂತೆವು. ಎರಡು ದಿನಕ್ಕೆ ಅದು ಮೆಲ್ಲಗೆ ಕಣ್ಬಿಟ್ಟಂತೆ ಅರಳಿತು. ಆಮೇಲೆ ಎರಡೂ ಕಡೆಗೆ ಎಳೆದುಕೊಳ್ಳತೊಡಗಿ, ರೊಟ್ಟಿ ಹಿಟ್ಟಿನಂತೆ ನಡುವೆ ಹರಿದು, ಎರಡು ಅನೆಮೊನಿಗಳಾಯಿತು.

ರಿಜ್ವಾನಾ ಬಂದಳು. ನೋಡಿದಳು. ಅವ್ವ ಹೆಮ್ಮೆಯಿಂದ ಹೇಳಿದಳು, "ಒಂದು ಕೊಟ್ಟಿದ್ದಿ, ಎರಡು ಒಯ್ಯವ್ವ. ನನ್ನ ಮಗಳ ಕೈಗುಣ."

"ಹೆದರಿದ್ರೂ ಇವು ಹಿಂಗ ಹರಕೋತಾವ್ರಿ ಕಾಕಿ."

"ಹೊಟ್ಟಿ ತುಂಬಿದ್ರ?"

"ಹಂಗೂ ಅಂತಾರ್ರಿ."

ಒಂದನ್ನಾದರೂ ಬಿಟ್ಟು ಹೋಗೆಂದು ಬೇಡಿಕೊಂಡೆ. ಅವಳು ತೊಟ್ಟಿಯನ್ನು ಎದೆಗವಚಿಕೊಂಡು ಆಟೋ ಹತ್ತಿದಳು. ಪಡಸಾಲೆಯಲ್ಲಿ ಈಗ ನೀಲಿ ಬೆಳಕಿಲ್ಲ. ಆದರೂ ನಾವಿಬ್ಬರೂ ಮಧ್ಯಾಹ್ನ ಆ ಮೂಲೆಗೇ ಮುಖ ಮಾಡಿ ಕೂರುತ್ತೇವೆ.

ಅನೆಮೊನಿಯ ಮನಸ್ಸು ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು: ಅದು ಎರಡಾದದ್ದು ಸುಖಕ್ಕೋ, ನನಗೆ ಹೆದರಿಯೋ? ಸುಖಕ್ಕಾದರೆ ಪತ್ರ ಮನೆಗೇ ಬರಲಿ, ಅವ್ವನಿಗೆ ಓದಿ ಹೇಳುತ್ತೇನೆ. ಹೆದರಿ ಎಂದಾದರೆ ಸಂಕೋಚ ಬೇಡ, ರಿಜ್ವಾನಾಗೆ ಬರೆಯಿರಿ. ಅವಳಿಗೆ ಹೇಗೂ ಗೊತ್ತಿದೆ.