ಜೋಂಪಣ್ಣನ ಎರಡು ಮಾತ್ರೆ

ಈ ಬೀದೀಲಿ ನನಗೆ ತಿಳೀದೆ ಒಂದು ಸೊಳ್ಳೆನೂ ಆಕಳಿಸಲ್ಲ. ಆಯ್ತು, ಅರ್ಧ ಸುಳ್ಳು ಅಂತಿಟ್ಕೊಳ್ಳಿ. ಆದ್ರೆ ಸಲೂನಿನ ಜೋಂಪಣ್ಣ ಆಕಳಿಸಿದ್ರೆ ಊರಿಗೇ ಗೊತ್ತಾಗ್ತಿತ್ತು. ಕತ್ತರಿ ಹಿಡ್ಕೊಂಡು ನಿಂತ ನಿಂತಲ್ಲೇ ತೂಕಡಿಸೋನು. ಮೊನ್ನೆ ಹಂಗೇ ಒಂದು ಸಲ ತೂಗಿದ, ಗಿರಾಕಿ ಮೀಸೆ ಅರ್ಧ ಮಾಯ.

"ಇನ್ನೊಂದು ಸಲ ನಿದ್ದೆ ಮಾಡಿದ್ಯೋ, ಕತ್ತರಿ ಇಟ್ಟು ಮನೆಗೆ ನಡಿ," ಅಂದ ಸಲೂನಿನ ಯಜಮಾನ.

ಪಾಪ, ಅದು ಸೋಮಾರಿತನ ಅಲ್ಲ, ಕಾಯಿಲೆ. ಡಾಕ್ಟ್ರು ಎರಡು ಥರ ಔಷಧಿ ಕೊಟ್ರು. ಎರಡೂ ಮಿದುಳಿನ ನರಾನ ಎಬ್ಬಿಸಿ ಕೂರಿಸೋವೇ.

"ಬಿಳಿ ಮಾತ್ರೆ ಬೇಗ ಹತ್ತುತ್ತೆ, ಬೇಗ ಇಳಿಯುತ್ತೆ. ಕ್ಯಾಪ್ಸೂಲು ನಿಧಾನಕ್ಕೆ ಹತ್ತುತ್ತೆ, ಸಂಜೆ ತನಕ ಇರುತ್ತೆ. ಈ ವಾರ ಕ್ಯಾಪ್ಸೂಲು, ಮುಂದಿನ ವಾರ ಬಿಳಿದು. ಯಾವುದು ಒಗ್ಗಿತು ಅಂತ ಬಂದು ಹೇಳಪ್ಪ. ಎರಡನ್ನೂ ಒಟ್ಟಿಗೆ ಮಾತ್ರ ನುಂಗಬೇಡ."

ಬೆಳಿಗ್ಗೆ ಕ್ಯಾಪ್ಸೂಲು ನುಂಗಿ ಕೆಲಸಕ್ಕೆ ಬಂದ. ಬಂದೋನೇ ಒಂದು ಆಕಳಿಕೆ ತೆಗೆದ, ಆ ಬಾಯೊಳಗೆ ಬಸ್ಸು ತಿರುಗಿಸಬಹುದಿತ್ತು.

"ನಿನ್ನ ಕ್ಯಾಪ್ಸೂಲೂ ನಿನ್ನ ಥರಾನೇ, ಒಳಗೆ ಹೋಗಿ ಮಲಗಿದೆ," ಅಂದ ಪಕ್ಕದ ಕುರ್ಚಿ ಕೆಲಸದೋನು. "ಬಿಳಿದು ಹಾಕ್ಕೊಂಡು ಅದನ್ನ ಎಬ್ಬಿಸು."

"ಡಾಕ್ಟ್ರು ಬೇಡ ಅಂದಿದಾರಲ್ಲೋ."

"ಕೆಲಸ ಹೋಗೋದು ಡಾಕ್ಟ್ರದ್ದಾ, ನಿಂದಾ?"

ಅಷ್ಟ್ರಲ್ಲಿ ಯಜಮಾನನ ಮಾವನೋರೇ ಬಂದು ಜೋಂಪಣ್ಣನ ಕುರ್ಚೀಲಿ ಕೂತ್ರು. ಇವರ ತಲೆ ಮೇಲೆ ತೂಗಿದ್ರೆ ಕೆಲಸ ಹೋಯ್ತು ಅಂತ ಇವನು ಬಿಳಿದನ್ನೂ ನುಂಗಿಬಿಟ್ಟ.

"ಸುಮ್ನೆ ತುದಿ ಕತ್ತರಿಸಪ್ಪ," ಅಂದು ಮಾವನೋರು ಗೊರಕೆಗೆ ಕೂತ್ರು.

ಎರಡೂ ಒಟ್ಟಿಗೆ ಹತ್ತಿದ್ವು ನೋಡಿ. ಕಣ್ಣು ಲಾರಿ ದೀಪದ ಥರ ಉರೀತು, ಎದೆ ಹೊಲಿಗೆ ಮಿಷನ್ನಿನ ಥರ ಓಡಿತು. ಎಡಗಡೆ ಒಂದೆಳೆ ಉದ್ದ ಕಂಡಿತು, ಕತ್ತರಿಸಿದ. ಈಗ ಬಲಗಡೆ ಉದ್ದ. ಅದನ್ನೂ ಕತ್ತರಿಸಿದ. ಮತ್ತೆ ಎಡ, ಮತ್ತೆ ಬಲ, ಕೈ ನಿಲ್ಲಲೊಲ್ಲದು. ಎರಡೂ ಕಡೆ ಸಮ ಆಗೋ ಹೊತ್ತಿಗೆ ತಲೆ ಮೇಲೆ ಕೂದಲೇ ಇರ್ಲಿಲ್ಲ.

ಮಾವನೋರು ಎಚ್ಚರಾಗಿ ಕನ್ನಡಿ ನೋಡಿದ್ರು, ತಲೆ ಸವರ್ಕೊಂಡ್ರು, ಮತ್ತೆ ಕನ್ನಡಿ ನೋಡಿದ್ರು. ಯಜಮಾನ ಓಡಿ ಬಂದ.

"ಬೈಬೇಡಿ ಅಳಿಯಂದ್ರೇ," ಅಂದ್ರು ಮಾವನೋರು. ದೊಡ್ಡ ಮನಸ್ಸು ಅವರದ್ದು. "ಕಾಯಿಲೆ ಮನುಷ್ಯ, ತೂಕಡಿಸಿರ್ತಾನೆ. ಹಾಗಿದ್ರೆ ಮಾಫು. ಎಚ್ಚರ ಇದ್ದೂ ಬೇಕಂತ ಹಿಂಗೆ ಬೋಳಿಸಿದ್ರೆ ಮಾತ್ರ ಒಂದು ಗಳಿಗೆ ಇಟ್ಕೋಬೇಡಿ."

ಯಜಮಾನ ಜೋಂಪಣ್ಣನ ಕಡೆ ತಿರುಗಿದ. "ನಿಜ ಹೇಳು. ನಿದ್ದೆ ಮಾಡಿದ್ಯಾ, ಎಚ್ಚರ ಇದ್ಯಾ?"

ನಿದ್ದೆ ಅಂದ್ರೆ ಅಳಿಯ ಕಳಿಸ್ತಾನೆ, ಎಚ್ಚರ ಅಂದ್ರೆ ಮಾವ ಕಳಿಸ್ತಾರೆ. ಬುದ್ಧಿ ಹೇಳಿದ ಪಕ್ಕದ ಕುರ್ಚಿಯೋನು ಆಗಲೇ ಟೀ ಕುಡಿಯೋಕೆ ಹೋಗಿಯಾಗಿತ್ತು. ಜೋಂಪಣ್ಣ ಇಬ್ಬರ ಮುಖಾನೂ ನೋಡಿದ, ಬಾಯಿ ತೆರೆದ.

ಏನಂದ ಅಂತೀರಿ? ಎಲ್ಲಾ ನಾನೇ ಹೇಳಬೇಕಾ, ನೀವೊಂದು ಹೇಳಿ ನೋಡೋಣ.