ಬಣ್ಣ ಕೆಡದ ಹಾಗೆ ಉಡುಮಲೈಪೇಟೆಗೆ

ಹೆಂಡತಿಯ ತಾಳಿಯಲ್ಲಿ ಅಯಸ್ಕಾಂತ ಇದೆಯೇ ಎಂದು ಗುಂಡುಸೂಜಿ ತಾಗಿಸಿ ನೋಡಿದ ಗಂಡಸನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಚಿಕ್ಕಪ್ಪ! ಆ ಬೆಳಿಗ್ಗೆ ತಮಿಳುನಾಡಿನ ಪಲ್ಲಡದ ಮನೆ ಬಾಗಿಲಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ನಾನು, ವ್ಯಾನಿನ ಡ್ರೈವರ್ ಇದ್ದೆವು. ಜೊತೆಗೆ, ಹಾಸಿಗೆಯ ಮೇಲೆ ಬೋರಲು ಮಲಗಿದ್ದ ಒಂದು ವಿಡಿಯೊ ಗೇಮ್ ಪರದೆ.

ಒಂದು ಕಾಲದಲ್ಲಿ ಚಿಕ್ಕಪ್ಪ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದರು. ಪಕ್ಕದ ಮಗ್ಗಗಳ ಸದ್ದನ್ನೂ ಮೀರಿಸುವ ಕುಯ್ಯೋ ಮರ್ರೋ! ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಮಧ್ಯಾಹ್ನ ಬಾಗಿಲು ಮುಚ್ಚಿ ತಮ್ಮ ಅಕ್ಕನೊಬ್ಬರನ್ನೇ ಆಡಿಸುತ್ತಿದ್ದರು. ಆ ಅಕ್ಕ, ಅಂದರೆ ನನ್ನ ಅತ್ತೆ, ಈಗ ಉಡುಮಲೈಪೇಟೆಯಲ್ಲಿದ್ದಾರೆ. ಪಾರ್ಶ್ವವಾಯುವಿಗೆ ಬಲಗೈ ಸೋತ ಮೇಲೆ ಅವರಿಗೆ ಯಾವುದೂ ಬೇಡ, ಯಾರೂ ಬೇಡ. ಉಳಿದಿದ್ದ ಒಂದೇ ಯಂತ್ರವನ್ನು ಅವರಿಗೆ ಮುಟ್ಟಿಸಬೇಕೆಂದು ಚಿಕ್ಕಪ್ಪ ಹಟ ಹಿಡಿದರು. ಹಳೆಯ ಪಿಕ್ಚರ್ ಟ್ಯೂಬ್ ಪರದೆ. ಹಿಂದಿನ ಗಾಜಿನ ಕುತ್ತಿಗೆ ಮುರಿದರೆ ಕತೆ ಮುಗಿಯಿತು. ಅಯಸ್ಕಾಂತ ಹತ್ತಿರ ಬಂದರೆ ಬಣ್ಣ ಕೆಡುತ್ತದೆ. ಬೇರೆಯದು ಎಲ್ಲಿ ಸಿಗಬೇಕು?

ಕುತ್ತಿಗೆಯ ಸುತ್ತ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ವೇಸ್ಟ್ ಬಟ್ಟೆ ಮೂಟೆಗಟ್ಟಲೆ ಮೆತ್ತಿದರು.

"ಮದುವೆಯಾಗಿ ನನ್ನ ಕರ್ಕೊಂಡು ಬಂದಾಗ ಇಷ್ಟು ಜೋಪಾನ ಮಾಡಿದ್ರಾ?" ಎಂದರು ಚಿಕ್ಕಮ್ಮ.

"ನಿನ್ನ ಕುತ್ತಿಗೆ ಗಟ್ಟಿ ಇತ್ತು ಕಣೇ!"

ಆಮೇಲೆ ತಪಾಸಣೆ. ತಾಳಿ ಪಾಸಾಯಿತು. ನನ್ನ ಫೋನಿನ ಕವರ್, ಚಿಕ್ಕಮ್ಮನ ಪರ್ಸು ಫೇಲಾಗಿ ಮನೆಯಲ್ಲೇ ಉಳಿದವು. ಕೊನೆಗೆ ವ್ಯಾನಿನ ದೊಡ್ಡ ಸ್ಪೀಕರುಗಳನ್ನೇ ಬಿಚ್ಚಿಸಿದರು!

"ಅಣ್ಣಾ, ಪಾಟು ಇಲ್ಲದಿದ್ದರೆ ನನಗೆ ನಿದ್ದೆ ಬರುತ್ತೆ," ಎಂದು ಡ್ರೈವರ್ ತಮಿಳಿನಲ್ಲಿ ಗೋಗರೆದ.

"ಅದಕ್ಕೇನಪ್ಪ, ನಾವು ಹಾಡ್ತೀವಿ," ಎಂದರು ಚಿಕ್ಕಪ್ಪ.

ಹಾಡಿದೆವು! ಚಿಕ್ಕಮ್ಮನದು ಸೋಬಾನೆ ಪದ, ಚಿಕ್ಕಪ್ಪನದು ರಾಗವೇ ಇಲ್ಲದ ಭಜನೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಭಜನೆ ನಿಂತು "ಮೆಲ್ಲ, ಮೆಲ್ಲ!" ಡ್ರೈವರ್ ಇರಲಿ, ದಾರಿಬದಿಯ ಕೋಳಿ ಫಾರಂಗಳ ಕೋಳಿಗಳಿಗೂ ಅಂದು ನಿದ್ದೆ ಬಂದಿರಲಾರದು.

ಅತ್ತೆಯ ಮನೆಯಲ್ಲಿ ಎಲ್ಲ ಜೋಡಿಸಿ ಸ್ವಿಚ್ ಹಾಕಿದರು. ಕೆಂಪು ಕೆಂಪಾಗಿಯೇ, ನೀಲಿ ನೀಲಿಯಾಗಿಯೇ ಹೊಳೆಯಿತು. ಚಿಕ್ಕಪ್ಪ ಬೀಗಿದರು. ಅತ್ತೆ ಮಾತ್ರ ಮುಖ ತಿರುಗಿಸಿದರು.

"ಒತ್ತೋ ಗುಂಡಿ ಎಲ್ಲ ಬಲಗಡೆ ಇದೆಯಲ್ಲೋ."

ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ.

ಚಿಕ್ಕಪ್ಪ ಸ್ಟೂಲು ಎಳೆದುಕೊಂಡು ಅಕ್ಕನ ಬಲಕ್ಕೆ ಕುಳಿತರು. ಅತ್ತೆ ಎಡಗೈಯಲ್ಲಿ ಜಾಯ್‌ಸ್ಟಿಕ್ ಆಡಿಸಿದರು, ಇವರು ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಸೋತರು.

"ತಡವಾಗಿ ಒತ್ತಿದೆ, ಮಂಕೇ! ಇನ್ನೊಂದು ಆಟ ಹಾಕು," ಎಂದರು ಅತ್ತೆ.

ಈಗ ಚಿಕ್ಕಪ್ಪ ಪ್ರತಿ ಭಾನುವಾರ ಉಡುಮಲೈ ಬಸ್ಸು ಹತ್ತುತ್ತಾರೆ.