ನಮ್ಮೂರಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ

ನನ್ನ ತಂಗಿ ಶೈಲಾ ರೋಗಗಳ ಲೆಕ್ಕ ಓದುತ್ತಾಳೆ. ಗುಳಿಗೆ ಬರೆದುಕೊಡುವ ಡಾಕ್ಟರಲ್ಲ. ಯಾವ ರೋಗ ಯಾರಿಗೆ ಬಂತು, ಯಾಕೆ ಬಂತು, ಆಚೆ ಓಣಿಗೆ ಬಂದದ್ದು ಈಚೆ ಓಣಿಗೆ ಯಾಕೆ ಬರಲಿಲ್ಲ ಎಂದು ಹುಡುಕುವ ಓದು. ಅದಕ್ಕೆ ಎಪಿಡೆಮಿಯಾಲಜಿ ಎನ್ನುತ್ತಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಬಾಯಲ್ಲಿ ಆ ಹೆಸರು ಹೊರಳಲು ಬಹಳ ದಿನ ಹಿಡಿಯಿತು. ಒಮ್ಮೆ ಹೊರಳಿದ ಮೇಲೆ ನಿಲ್ಲಲಿಲ್ಲ. ನಮ್ಮ ಹಿಟ್ಟಿನ ಗಿರಣಿಗೆ ಜೋಳ ಬೀಸಿಸಲು ಬಂದವರಿಗೆಲ್ಲ ಹೇಳಿದೆ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು.

ನಮ್ಮೂರು ಮನೋಳಿಗೆ ಹತ್ತಿರ. ಹೋದ ವರ್ಷ ಒಂದು ದಿನ ಶೈಲಾ ಬೆಳಗಾವಿಯಿಂದ ಫೋನ್ ಮಾಡಿದಳು.

"ಅಕ್ಕಾ, ನನ್ನ ಎಂಎಸ್ಸಿ ಕೆಲಸಕ್ಕ ಒಂದು ಊರು ಬೇಕು. ಮನಿ ಮನಿಗೆ ಹೋಗಿ ಯಾರಿಗೆ ಸಕ್ಕರಿ ಕಾಯಿಲಿ ಐತಿ, ಯಾರಿಗೆ ಬಿಪಿ ಐತಿ ಕೇಳಬೇಕು. ಬೆರಳ ಚುಚ್ಚಿ ನೋಡಬೇಕು. ನಿಮ್ಮೂರ ತಗೊಳ್ಳಲೇನು? ನೀ ಜೋಡಿ ಇದ್ರ ಮಂದಿ ಬಾಗಿಲ ತಗೀತಾರ."

"ಬಾಗಿಲ ಏನ, ತಿಜೋರಿ ತಗಸ್ತೇನಿ! ನೀ ಬಾ."

"ಬ್ಯಾಸಿಗಿ ಒಳಗ ವರದಿ ಕೊಡಲಿಲ್ಲಂದ್ರ ಒಂದು ವರ್ಷ ಹೋಗ್ತದ ನೋಡು ಮತ್ತ."

"ನಾ ಇರೂ ಮಟಾ ನಿನ್ನ ಒಂದು ದಿನಾನೂ ಹೋಗಂಗಿಲ್ಲ."

ಈ ಮಾತನ್ನು ನಾನು ಪೂರ್ತಿ ನಂಬಿಕೆಯಿಂದ ಆಡಿದೆ. ಈಗ ನೆನೆಸಿಕೊಂಡರೆ ಗಿರಣಿಯ ಕಲ್ಲಿನ ನಡುವೆ ತಲೆ ಇಡೋಣ ಅನ್ನಿಸುತ್ತದೆ.

ಬಂದ ಮೊದಲ ದಿನವೇ ಶೈಲಾ ಊರ ನಡುವಿನ ಚಾವಡಿಯ ಮುಂದೆ ನಿಂತು ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದಳು. ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಗಿರಗಿರ ತಿರುಗಿಸಿದಳು. ನನಗೆ ಗಾಬರಿಯಾಯಿತು. ಇಷ್ಟು ಓದಿದ ಮೇಲೆ ಇದೇನು ಆಟ?

"ಬಾಟ್ಲಿ ಬಾಯಿ ಯಾವ ಕಡೆ ನಿಲ್ತದೋ ಆ ಕಡೆ ಓಣಿಗೆ ಹೋಗೂದು ಅಕ್ಕಾ. ಅಲ್ಲಿ ಚೀಟಿ ಎತ್ತಿ ಒಂದು ಮನಿ ಆರಿಸೂದು. ಅದರ ಮುಂದಿನ ಬಾಗಿಲಾ, ಅದರ ಮುಂದಿಂದು, ಹಿಂಗ ಸಾಲಾಗಿ ಹೋಗೂದು. ಬೀಗ ಇದ್ದ ಮನಿ ಬಿಡೂದು. ಇದರಾಗ ಯಾರ ಮನಸೂ ಸೇರಬಾರದು. ನನ್ನ ಮನಸಿಗೆ ಬಂದ ಮನೀಗೆ ಹೋದ್ರ ಅದು ಅಧ್ಯಯನ ಅಲ್ಲ, ಬೀಗರ ಮನಿ ಭೇಟಿ."

ಅವಳು ನಗುತ್ತ ಹೇಳಿದಳು. ನಾನೂ ನಕ್ಕೆ. ಆದರೆ ನನ್ನ ತಲೆಯಲ್ಲಿ ಬೇರೆ ಗಿರಣಿ ಶುರುವಾಗಿತ್ತು.

ಕಾರಣ ನಮ್ಮವ್ವ. ಬೈಲಹೊಂಗಲದಿಂದ ದಿನಕ್ಕೊಮ್ಮೆ ಫೋನ್ ಮಾಡಿ, "ಅಕಿ ಓದೂದು ಮುಗಿಯಂಗಿಲ್ಲ, ನನ್ನ ಚಿಂತಿ ತೀರಂಗಿಲ್ಲ. ನೀ ಅಕ್ಕ ಹೌದೋ ಅಲ್ಲೋ? ಒಂದು ಚೊಲೋ ಮನಿ ನೋಡ" ಎನ್ನುತ್ತಿದ್ದಳು. ನಮ್ಮ ಕಡೆ ಮದುವೆ ಮಾತಿಗೆ ಮೊದಲು ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಲು ಹೋಗುವ ರೂಢಿ. ಮನೆಯಲ್ಲಿ ಎಷ್ಟು ಮಂದಿ, ನೀರು ಎಲ್ಲಿಂದ, ಸಂಡಾಸ ಇದೆಯೋ ಇಲ್ಲವೋ, ಹಿರಿಯರಿಗೆ ಏನಾದರೂ ಕಾಯಿಲೆಯೋ, ಹುಡುಗನಿಗೆ ಏನಾದರೂ ಚಟವೋ ಎಂದೆಲ್ಲ ಸೂಕ್ಷ್ಮವಾಗಿ ಕೇಳುತ್ತಾರೆ. ಶೈಲಾಳ ಪ್ರಶ್ನೆಗಳನ್ನು ಕೇಳಿ ನೋಡಿದರೆ ಅಕ್ಷರಶಃ ಇವೇ! ಸರ್ಕಾರ, ವಿಜ್ಞಾನ ಮತ್ತು ದೇವರು ಮೂವರೂ ಕೂಡಿ ನನ್ನ ತಂಗಿಗೆ ವರ ಹುಡುಕಲು ಕಳಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಬಾಟಲಿ ನಿಂತಿತು. ಅದರ ಬಾಯಿ ಕೆರೆಯ ಓಣಿಯ ಕಡೆ ಇತ್ತು. ಆ ಓಣಿಯಲ್ಲಿ ಮದುವೆಯಾಗದ ಗಂಡಸು ಎಂದರೆ ಪೂಜಾರಿಯ ಹೋರಿ ಒಂದೇ. ಶೈಲಾ ಚೀಟಿ ತೆಗೆಯಲು ಚೀಲದಲ್ಲಿ ತಲೆ ಹಾಕಿದ್ದಳು. ನಾನು ಸೀರೆಯ ನಿರಿಗೆ ಸರಿ ಮಾಡಿಕೊಳ್ಳುವವಳಂತೆ ಬಗ್ಗಿ, ಎಡಗಾಲಿನ ಹೆಬ್ಬೆರಳಿನಿಂದ ಬಾಟಲಿಯನ್ನು ಸ್ವಲ್ಪವೇ ಸ್ವಲ್ಪ ತಳ್ಳಿದೆ. ಅದು ಗೌಡರ ಓಣಿಯ ಕಡೆ ತಿರುಗಿತು. ಅಲ್ಲಿ ಮನೆಗೊಬ್ಬ ಗಂಡು! ಈಗಂತೂ ಹೊಲ ಮಾಡುವ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟ. ಮೂವತ್ತು ದಾಟಿದರೂ ಬಾಸಿಂಗ ಕಾಣದೆ ಕೂತವರು ಓಣಿ ತುಂಬ ಇದ್ದರು.

"ಇವತ್ತ ಬರೇ ಓಣಿ ಗುರ್ತ ಮಾಡ್ಕೊಳ್ಳೂಣು, ನಾಳಿಂದ ಶುರು" ಎಂದಳು ಶೈಲಾ.

ಅದೇ ಸಂಜೆ ಗೌಡರ ಓಣಿಯ ನೀಲವ್ವ ಗಿರಣಿಗೆ ಬಂದಳು. ಅವಳ ಮಗ ಈರಣ್ಣನಿಗೆ ಒಳ್ಳೆಯ ಹೊಲ, ಸ್ವಂತ ಟ್ರ್ಯಾಕ್ಟರು. ನಾನು ಅವಳ ಕಿವಿಯ ಹತ್ತಿರ ಹೋಗಿ ಹೇಳಿದೆ:

"ನಾಳಿ ನನ್ನ ತಂಗಿ ನಿಮ್ಮ ಓಣಿಗೆ ಬರ್ತಾಳ. ಸರ್ವೇ ಅಂತ ಹೆಸರು. ಹಂಗ ಮನಿ ನೋಡಿದಂಗೂ ಆಗ್ತದ. ಯಾರ ಮುಂದೂ ಅನಬ್ಯಾಡ ಮತ್ತ."

ಗಿರಣಿ ಓಡುತ್ತಿತ್ತಲ್ಲ. ಕಿವಿಗೆ ಹೇಳಿದರೂ ಕೂಗಿಯೇ ಹೇಳಬೇಕು. ಸರದಿಯಲ್ಲಿದ್ದವರೆಲ್ಲರೂ ಈ ಬಾರಿ ಸ್ಪಷ್ಟವಾಗಿ ಕೇಳಿಸಿಕೊಂಡರು.

ಮರುದಿನ ಗೌಡರ ಓಣಿ ನೋಡಬೇಕಿತ್ತು! ಪ್ರತಿ ಬಾಗಿಲಿಗೂ ರಂಗೋಲಿ. ಓಣಿ ತುಂಬ ತುಪ್ಪದಲ್ಲಿ ರವೆ ಹುರಿದ ವಾಸನೆ. ಚೀಟಿಯಲ್ಲಿ ಬಂದ ಮನೆಯಲ್ಲಿ ಬರೇ ಮುದುಕ ಮುದುಕಿ ಇದ್ದರು. "ಅವರು ದೇವರ ಗುಡ್ಡಕ್ಕ ಹೋಗ್ಯಾರ, ಬೀಗ ಐತಿ" ಎಂದು ದೂರದಿಂದಲೇ ಹೇಳಿ ಶೈಲಾಳನ್ನು ನೀಲವ್ವನ ಬಾಗಿಲಿಗೆ ಕರೆದೊಯ್ದೆ. ಹೊಲಕ್ಕೆ ಹೋಗಬೇಕಾದ ಟ್ರ್ಯಾಕ್ಟರು ಅಂಗಳದಲ್ಲಿ ತೊಳೆಸಿಕೊಂಡು ಮಿಂಚುತ್ತ ನಿಂತಿತ್ತು. ಅದರ ಪಕ್ಕದಲ್ಲಿ ಹಾಗೆಯೇ ತೊಳೆಸಿಕೊಂಡು ಮಿಂಚುತ್ತ ಈರಣ್ಣ ನಿಂತಿದ್ದ.

"ಬರ್ರಿ, ಬರ್ರಿ, ಕುಂದರ್ರಿ" ಎಂದು ನೀಲವ್ವ ಜಮಖಾನೆ ಹಾಸಿದಳು.

ಶೈಲಾ ಕೇಳಿದಳು: "ಮನ್ಯಾಗ ಎಷ್ಟು ಮಂದಿ ಅದೀರಿ?"

"ನಾವು ಮೂರ ಮಂದಿ. ಸಣ್ಣ ಸಂಸಾರ. ಬಂದಾಕಿಗೆ ಏನೂ ತ್ರಾಸಿಲ್ಲ."

"ಯಾರು ಬರಾಕಿ?"

"ಯಾರರೆ ಬಂದ್ರ ಅಂತ ಹೇಳಿದ್ಯವ್ವಾ" ಎಂದಳು ನೀಲವ್ವ, ಸೆರಗಿನಲ್ಲಿ ನಗುತ್ತ.

ಶೈಲಾ ಈರಣ್ಣನ ಕಡೆ ತಿರುಗಿದಳು. "ನೀವು ತಂಬಾಕು, ಗುಟಕಾ ತಿಂತೀರೇನ್ರಿ?"

ಈರಣ್ಣ ಇಲ್ಲವೆಂದು ತಲೆಯಾಡಿಸಿದ. ಬಾಯಿ ತೆರೆಯಲಿಲ್ಲ. ತೆರೆಯುವಂತಿರಲಿಲ್ಲ. ಎಡಗೆನ್ನೆ ಉಬ್ಬಿತ್ತು. ಶೈಲಾ ನೋಡುತ್ತಲೇ ಇದ್ದಾಗ ಅವನು ಅದನ್ನು ನುಂಗಿಯೇಬಿಟ್ಟ. ಕಣ್ಣಲ್ಲಿ ನೀರು ಬಂತು. ವಿವಾಹದ ಕಾರಣಕ್ಕೆ ಒಬ್ಬ ಗಂಡಸು ಮಾಡಿದ ಇಷ್ಟು ದೊಡ್ಡ ತ್ಯಾಗವನ್ನು ನಾನು ಹಿಂದೆ ಕಂಡಿರಲಿಲ್ಲ.

"ಮನ್ಯಾಗ ಯಾರಿಗಾದ್ರೂ ಸಕ್ಕರಿ ಕಾಯಿಲಿ, ಬಿಪಿ ಏನರೆ?"

"ಛೇ ಛೇ! ನಮ್ಮ ವಂಶದಾಗ ಇಲ್ಲ!"

ಆಗ ಒಳಗಿನ ಕಾಳಿನ ಕೋಣೆಯಿಂದ ಒಂದು ಮುದಿ ದನಿ ಬಂತು. "ಏ ನೀಲಾ, ನನ್ನ ಸಕ್ಕರಿ ಗುಳಿಗಿ ಎಲ್ಲಿ ಇಟ್ಟೀ? ಇಲ್ಲೆ ಕತ್ತಲಾಗ ಏನೂ ಕಾಣವಲ್ದು!"

ಅದು ನೀಲವ್ವನ ಅತ್ತೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಬಾಜೂ ಮನಿ ಟಿವಿರಿ. ಧಾರಾವಾಹಿ" ಎಂದಳು ನೀಲವ್ವ.

ಶೈಲಾ ನನ್ನ ಮುಖ ನೋಡಿದಳು. ಚಿಕ್ಕವಳಿದ್ದಾಗ ಕತ್ತಲೆಯಲ್ಲಿ ಏನಾದರೂ ಸದ್ದಾದರೆ ಹೀಗೇ ನೋಡುತ್ತಿದ್ದಳು. ನಾನು ಏನು ಹೇಳಿದರೂ ನಂಬುತ್ತಿದ್ದಳು.

"ಹೌದು, ಟಿವಿ" ಎಂದೆ.

ಅವಳು ಬರೆದುಕೊಂಡಳು. ಇನ್ನು ಬೆರಳು ಚುಚ್ಚುವ ಸರದಿ. ನೀಲವ್ವ ತನಗೆ ವ್ರತವಿದೆ, ಇವತ್ತು ರಕ್ತ ಕೊಡುವಂತಿಲ್ಲ ಎಂದಳು. ಈರಣ್ಣ ಮಾತ್ರ ಹತ್ತೂ ಬೆರಳು ಮುಂದೆ ಚಾಚಿದ.

ಹೀಗೆ ಓಣಿ ಮುಗಿಯಿತು. ಮುಂದಿನ ಓಣಿಗಳಿಗೂ ನನ್ನ ಎಡಗಾಲು ದಾರಿ ತೋರಿಸಿತು. ಎಲ್ಲೆಡೆ ಶಿರಾ, ಎಲ್ಲೆಡೆ ಆರೋಗ್ಯ. ಒಂದು ಮನೆಯವರು ಬಿಪಿ ಇದ್ದ ಮಾವನನ್ನು ಸಿರಸಂಗಿಯ ಮಗಳ ಮನೆಗೆ ಕಳಿಸಿದ್ದರು. ಇನ್ನೊಬ್ಬರು ಗುಳಿಗೆಗಳನ್ನೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಮರುದಿನ ಅವರ ರೊಟ್ಟಿ ಕಹಿಯಾಯಿತೆಂದು ದೂರು ಬಂದದ್ದು ನಮ್ಮ ಗಿರಣಿಗೆ!

"ನಿಮ್ಮೂರ ಮಂದಿ ಎಷ್ಟು ಚೊಲೋ ಅದಾರ ಅಕ್ಕಾ" ಎಂದಳು ಶೈಲಾ. "ಬ್ಯಾರೆ ಕಡೆ ನಮ್ಮ ಜೋಡಿಯವರಿಗೆ ಮಂದಿ ಬಾಗಿಲಾನೂ ತಗಿಯಂಗಿಲ್ಲಂತ."

"ನಮ್ಮೂರಂದ್ರ ಹಂಗ" ಎಂದೆ.

ನಮ್ಮ ಮನೆಯವರು ಮಾತ್ರ ಅವತ್ತು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು. "ಅಲ್ಲಾ, ನಿನ್ನ ತಂಗಿ ಸರ್ವೇ ಮಾಡಾಕತ್ತಾಳೋ, ನೀ ಸ್ವಯಂವರ ಮಾಡಾಕತ್ತೀಯೋ?"

"ನಿಮಗ ಎಪಿಡೆಮಿಯಾಲಜಿ ತಿಳಿಯಂಗಿಲ್ರಿ. ಸುಮ್ನ ಉಣ್ರಿ."

ಕೆಲಸ ಮುಗಿಸಿ ಶೈಲಾ ಬೆಳಗಾವಿಗೆ ಹೋದಳು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಗಿರಣಿಯ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ನಮ್ಮ ಗೈಡ್ ಮೇಡಂ ವರದಿ ತಿರುಗಿ ಕೊಟ್ಟಾರಕ್ಕಾ. ಇಡೀ ಊರಾಗ ಒಬ್ಬರಿಗೂ ಸಕ್ಕರಿ ಇಲ್ಲಂದ್ರ ಆ ಊರಾಗ ಔಷಧ ಅಂಗಡಿ ಯಾಕ ಐತಿ ಅಂತ ಕೇಳಿದ್ರು. ಎಲ್ಲಾ ಮನ್ಯಾಗೂ ಮೂವತ್ತರ ಮ್ಯಾಲಿನ ಲಗ್ನಾಗದ ಒಬ್ಬ ಮಗ ಹೆಂಗ ಇರ್ತಾನಂತ ಕೇಳಿದ್ರು. ನೀ ಊರಿಗೆ ಹೋಗೇ ಇಲ್ಲ, ರೂಮಿನ್ಯಾಗ ಕುಂತು ಬರದೀ ಅಂದ್ರು."

ಗಿರಣಿ ಗುಡುಗುತ್ತಿತ್ತು. ಅವಳು ಹತ್ತಿರ ಬಂದು ನನ್ನ ಕೈ ಹಿಡಿದಳು.

"ಸುಳ್ಳ ಬರದಾಕಿ ಅಂತ ಹೆಸರು ಬಂದ್ರ ನನ್ನ ತಗದ ಹಾಕ್ತಾರ. ನೀ ಜೋಡಿ ಇದ್ದೀಯಲ್ಲ. ಮೇಡಂ ಮುಂದ ಬಂದು ಹೇಳ್ತೀಯೇನು, ನನ್ನ ತಂಗಿ ಖರೇನ ಎಲ್ಲಾ ಮನಿಗೆ ಹೋಗ್ಯಾಳ, ಎಲ್ಲಾ ಸರಿ ಮಾಡ್ಯಾಳಂತ?"

ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದಾಳೆ! ಇನ್ನು ತಡೆಯಲಾಗಲಿಲ್ಲ. ಕಲ್ಲಿನ ಸದ್ದಿಗಿಂತ ಮೇಲೆ ದನಿ ಎತ್ತಿ ಹೇಳತೊಡಗಿದೆ. ನಾನು ಅಳುವುದನ್ನು ಕಂಡು ನಮ್ಮ ಮನೆಯವರು ಏನಾಯಿತೋ ಎಂದು ಗಾಬರಿಯಾಗಿ ಗಿರಣಿ ಬಂದ್ ಮಾಡಿದರು. ಆ ನಿಶ್ಶಬ್ದದಲ್ಲಿ ನನ್ನ ದನಿ ಚಾವಡಿಯವರೆಗೂ ಹೋಯಿತು.

"ಬಾಟ್ಲಿ ನಾ ಕಾಲೀಲೆ ತಿರುಗಿಸೇನಿ!"

ಜೋಳದ ಚೀಲ ಹಿಡಿದು ನಿಂತವರೆಲ್ಲ ನನ್ನ ಕಾಲು ನೋಡಿದರು.

ಶೈಲಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಒಂದು ಚೀಲದ ಮೇಲೆ ಕುಸಿದು ಕೂತಳು.

"ಎಷ್ಟು ಮನಿ ಅಕ್ಕಾ?"

"ಎಲ್ಲಾ. ನಿನಗ ಒಂದು ಚೊಲೋ ವರ ಸಿಗಲಿ ಅಂತ."

ಅವಳು ಹೇಳಿದಳು: "ನಾ ಲಗ್ನ ಬ್ಯಾಡ ಅಂತ ಎಂದೂ ಅಂದಿಲ್ಲಕ್ಕಾ. ನೀವು ಯಾರೂ ನನ್ನ ಕೇಳೇ ಇಲ್ಲ."

ಊರಿಗೆಲ್ಲ ಪ್ರಶ್ನೆ ಕೇಳುತ್ತ ತಿರುಗಿದ್ದೆವು. ಅವಳನ್ನು ಕೇಳುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ನಾನು ಅವಳ ಜೊತೆ ಬೆಳಗಾವಿಗೆ ಹೋದೆ. ಜೀವನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ್ದು, ಅದೂ ಆರೋಪಿಯಾಗಿ. ಗೈಡ್ ಮೇಡಂ ಕನ್ನಡಕದ ಮೇಲಿನಿಂದ ನೋಡುತ್ತ ಎಲ್ಲ ಕೇಳಿದರು. ಗುಟಕಾ ನುಂಗಿದಲ್ಲಿಗೆ ಬಂದಾಗ ಮುಖ ಆ ಕಡೆ ತಿರುಗಿಸಿಕೊಂಡು ಕೆಮ್ಮಿದರು. ಕೊನೆಗೆ ತೀರ್ಪು ಕೊಟ್ಟರು:

"ನಿಮ್ಮ ತಂಗೀದು ತಪ್ಪಿಲ್ಲ ಅಂತ ನಂಬ್ತೇನಿ. ಇಂಥಾ ಕತಿ ಯಾರಿಗೂ ಕಟ್ಟಲಿಕ್ಕೆ ಬರೂದಿಲ್ಲ. ಮತ್ತೊಮ್ಮೆ ಎಲ್ಲಾ ಮಾಡ್ಲಿ. ಜೋಡಿ ಇಲ್ಲಿಂದ ಒಬ್ಬ ಹುಡುಗೀನ್ನ ಕಳಸ್ತೇನಿ. ಆದ್ರ ಮೊದಲು ನೀವು ಮನಿ ಮನಿಗೆ ಹೋಗಿ ಇದು ಮದುವಿ ಮಾತಲ್ಲ ಅಂತ ಹೇಳಿ ಬರಬೇಕು. ಆಮ್ಯಾಲೆ ನೀವು ಗಿರಣಿ ಬಿಟ್ಟು ಹೊರಗ ಬರಬಾರದು."

ಬಂದೆ. ಒಬ್ಬಳೇ ಓಣಿ ಓಣಿ ತಿರುಗಿದೆ. ಈ ಸಲ ರಂಗೋಲಿ ಇರಲಿಲ್ಲ. ನೀಲವ್ವ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು:

"ಹಂಗಾರ ಟ್ರ್ಯಾಕ್ಟರ್ ತೊಳದದ್ದು ದಂಡ ಆತೇನು?"

"ತಪ್ಪಾತು ಯವ್ವಾ."

"ನಮ್ಮ ಅತ್ತೀನ್ನ ಕಾಳಿನ ಕ್ವಾಣ್ಯಾಗ ಹಾಕಿದ್ನಲ್ಲ! ಅವತ್ತಿನಿಂದ ನನ್ನ ಜೋಡಿ ಮಾತ ಬಿಟ್ಟಾಳ."

"ಅದು..."

"ಅದೊಂದು ಚೊಲೋ ಆತು ಬಿಡು" ಎಂದು ನೀಲವ್ವ ತಾನೇ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು: "ಎಷ್ಟು ಕಡೆ ಕೇಳೇವಿ, ಹೊಲದಾವಂಗ ಯಾರೂ ಕೊಡಾಕ ತಯಾರಿಲ್ಲ. ನಿನ್ನ ಮಾತ ಕೇಳಿ ಒಂದು ರಾತ್ರಿಯರೆ ಚೊಲೋ ನಿದ್ದಿ ಮಾಡಿದ್ನ್ಯವ್ವಾ."

ಬಯ್ಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಈ ಮಾತಿಗೆ ಸಿದ್ಧಳಿರಲಿಲ್ಲ. ತಲೆ ಬಗ್ಗಿಸಿ ಬಂದೆ.

ಎರಡನೇ ಸುತ್ತು ಶುರುವಾಯಿತು. ಮದುವೆಯ ಆಸೆ ಇಲ್ಲವೆಂದ ಮೇಲೆ ಊರಿನ ಬಾಯಿ ಬಿಚ್ಚಿತು. ಸಕ್ಕರೆ, ಬಿಪಿ ಇರಲಿ, ಕೇಳದೆ ಇದ್ದ ಮೂಲವ್ಯಾಧಿ, ಮಂಡಿನೋವುಗಳೂ ಹೊರಬಂದವು. ನೀಲವ್ವನ ಅತ್ತೆ ಹೊರಗಿನ ಕಟ್ಟೆಯ ಮೇಲೆ ಬಂದು ಕೂತು, ಮಡಿಲ ತುಂಬ ಗುಳಿಗೆ ಇಟ್ಟುಕೊಂಡು ಓಣಿಯವರ ರೋಗಗಳನ್ನೆಲ್ಲ ತಾನೇ ಹೇಳಿದಳಂತೆ. ಈರಣ್ಣ ಗುಟಕಾ ಉಗುಳಿ ಬಂದು ಉತ್ತರ ಕೊಟ್ಟನಂತೆ. ಇದೆಲ್ಲ ನಾನು ಗಿರಣಿಯಲ್ಲಿ ಕೂತು ಕೇಳಿದ್ದು. ಕಾಲು ಮಡಿಚಿಕೊಂಡು ಕೂತಿದ್ದೆ.

ಕೊನೆಯ ದಿನದ ಸಾಲಿನಲ್ಲಿ ನಮ್ಮದೇ ಮನೆ ಬಂತು. ಸ್ವಂತ ಅಕ್ಕನನ್ನು ಕೇಳುವಂತಿಲ್ಲವೆಂದು ಶೈಲಾ ಅಂಗಳದಲ್ಲೇ ನಿಂತಳು. ಜೊತೆಗೆ ಬಂದ ಹುಡುಗಿ ನನ್ನೆದುರು ಕೂತು ಕೇಳಿದಳು:

"ಅಕ್ಕಾರ, ನಿಮ್ಮ ಮನ್ಯಾಗ ಯಾರಿಗಾದ್ರೂ ಸಕ್ಕರಿ ಕಾಯಿಲಿ, ಬಿಪಿ ಐತೇನ್ರಿ?"

ಅಂಗಳದಲ್ಲಿ ಮದುವೆಯಾಗದ ತಂಗಿ. ಎದುರಿಗೆ ಹೊರಗಿನವರು. ನನ್ನ ಬಾಯಿ ನನ್ನನ್ನು ಕೇಳದೆ ಉತ್ತರ ಕೊಟ್ಟಿತು.

"ಇಲ್ರಿ. ನಾವೆಲ್ಲಾ ಗಟ್ಟಿಮುಟ್ಟಾಗಿ ಅದೀವಿ."

ನಮ್ಮ ಮನೆಯವರು ನನ್ನನ್ನೊಮ್ಮೆ ನೋಡಿದರು. ಅಂಗಿಯ ಜೇಬಿನಿಂದ ತಮ್ಮ ಬಿಪಿ ಗುಳಿಗೆಗಳನ್ನು ತೆಗೆದು ಆ ಹುಡುಗಿಯ ಮುಂದೆ ಇಟ್ಟರು.

"ಇಕಿ ಮಾತು ಬಿಟ್ಟು ಉಳಿದದ್ದೆಲ್ಲಾ ಬರಕೋರಿ" ಎಂದರು.

ಅಂಗಳದಿಂದ ಶೈಲಾಳ ನಗು ಕೇಳಿಸಿತು. ಅವಳು ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ಆ ನಗುವಿನ ನಡುವೆಯೇ ನನ್ನ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿದ ಹುಡುಗಿ, ಮತ್ತೊಮ್ಮೆ ನೋಡಿ, ಮೆಲ್ಲಗೆ, "ನಿಮಗೂ ಐತ್ರಿ ಅಕ್ಕಾರ" ಎಂದಳು.

ಶೈಲಾಳ ವರದಿ ವೇಳೆಗೆ ಸರಿಯಾಗಿ ಹೋಯಿತು, ಒಪ್ಪಿಗೆಯೂ ಆಯಿತು. ಎರಡನೇ ಸುತ್ತಿನಲ್ಲಿ ಇಡೀ ಊರು ನಿಜ ಹೇಳಿತೆಂದೂ, ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಒಂದೇ ಮನೆಯೆಂದೂ ಅವಳು ಆಮೇಲೆ ಹೇಳಿದಳು. ಆ ಮನೆ ಯಾವುದೆಂದು ಮಾತ್ರ ಮೇಡಂಗೂ ತಿಳಿಯುವುದಿಲ್ಲವಂತೆ. ಉತ್ತರ ಕೊಟ್ಟವರ ಹೆಸರನ್ನು ಯಾರಿಗೂ ಹೇಳಬಾರದೆಂಬುದು ಅವರ ಓದಿನ ದೊಡ್ಡ ನಿಯಮ.

ಎಂಥ ಒಳ್ಳೆಯ ನಿಯಮ! ಅವಳು ಬಾಯಿ ಬಿಡಲಿಲ್ಲ. ನಾನೇ ಇಲ್ಲಿ ಕೂತು ಎಲ್ಲವನ್ನೂ ಬರೆದುಬಿಟ್ಟೆ.